ಉಳಿದ ಮಣ್ಣು

ಯಲಬುರ್ಗಾ ದಾಟಿ ಬಸ್ಸು ಇಳಿಸಿದ ಕಡೆ
ಹುಲ್ಲುಬನ್ನಿ. ಗಿಡವೆಂದರೆ ಒಂದೇ ಒಂದು ಜಾಲಿ,
ಅದರ ಬುಡದಲ್ಲಿ ನೆರಳಿಲ್ಲ,
ನೆರಳಿನ ಅಂದಾಜು.

ಐದಡಿ ಉದ್ದ, ಮೂರಡಿ ಅಗಲ,
ಆಳ, ಗರಸು ಸಿಗುವವರೆಗೆ.
ಅಗೆಯಲು ಹುಲಿಗೆವ್ವ, ಅವಳ ಮೈದುನ ಯಂಕೋಬ.
ಅಳತೆ ನೋಡಿ ಕೇಳಿದಳು:
"ಯಾರಿಗ್ರೀ ಇದು?"
"ಯಾರಿಗೂ ಅಲ್ಲ, ಓದಾಕ."

ಇಳಿದು ಓದಿದೆ.
ಮೇಲಿನ ಗೇಣು ಸುಟ್ಟ ಬೆಲ್ಲದ ಬಣ್ಣ,
ಹಿಸುಕಿದರೆ ನುಚ್ಚಾಗಿ ಉದುರುತ್ತದೆ.
ಬೇರು, ಬೇರು, ಎಣಿಕೆಗೆ ಸಿಗದಷ್ಟು ಸತ್ತ ಬೇರು.
ಇಲ್ಲಿ ಹುಲ್ಲು ಸಾಯುವುದು ಕೆಳಮುಖವಾಗಿ.
ಮಳೆ ನಾಲ್ಕು ದಿನದ ನೆಂಟ,
ಕೊಳೆಯುವುದಕ್ಕೂ ಪುರುಸೊತ್ತಿಲ್ಲ,
ಅರ್ಧ ಕೊಳೆತು ನಿಂತದ್ದೇ ಈ ಕಪ್ಪು.

ಅದರ ಕೆಳಗೆ ಕಂಬ ನಿಲ್ಲಿಸಿದಂತೆ ಸೀಳಿದ ಮಣ್ಣು.
ಬಿರುಕಿನೊಳಗೆ ಮೇಲಿನ ಕಂದು ಉದುರಿ
ಅರ್ಧ ದಾರಿ ಇಳಿದು ಕೂತಿದೆ.
ಎತ್ತಿಲ್ಲ, ನೇಗಿಲಿಲ್ಲ,
ತನ್ನನ್ನು ತಾನೇ ಉತ್ತುಕೊಳ್ಳುವ ನೆಲ.
ಇಂಥದ್ದೇ ಬಿರುಕಿಗೆ ಯಂಕೋಬನ ಎಂಟಾಣೆ ಬಿದ್ದಿತ್ತಂತೆ,
ಮೂರನೇ ಇಯತ್ತೆಯಲ್ಲಿದ್ದಾಗ.
"ಸಿಕ್ಕರ ನಂದು," ಅಂದ,
ನಗಲಿಲ್ಲ.

ಇನ್ನೂ ಕೆಳಗೆ ಸುಣ್ಣದ ಹರಳು,
ಇಳಿದ ಮಳೆ ಸುಸ್ತಾಗಿ ಕೂತೆದ್ದ ಗುರುತು.
ಸೀಸೆಯಿಂದ ಎರಡು ಹನಿ ಆಮ್ಲ ಬಿಟ್ಟೆ.
ಬುಸ್ ಅಂತು,
ಸೋಡಾದ ಗೋಲಿ ಒತ್ತಿದ ಹಾಗೆ.
ಕುರಿ ಬಿಟ್ಟು ಓಡಿಬಂದ ಗಾದಿಲಿಂಗ
"ಇನ್ನೊಮ್ಮಿ," ಅಂದ.
ಬಿಟ್ಟೆ. "ಇನ್ನೊಮ್ಮಿ."
ಸರ್ಕಾರದ ಆಮ್ಲ ಹೀಗೂ ಖರ್ಚಾಗುತ್ತದೆ.

ಬಣ್ಣದ ಪುಸ್ತಕ ತೆರೆದೆ, ಚೌಕಕ್ಕೊಂದು ಅಂಕಿ.
ಒಣಗಿದ್ದು ಹಿಡಿ, ಒದ್ದೆ ಮಾಡಿ ಹಿಡಿ, ಹೋಲಿಸು.
ಹುಲಿಗೆವ್ವ ಭುಜದ ಮೇಲಿಂದ ಬಗ್ಗಿದಳು:
ಇದು ಹುರಿದ ಹುರಳಿ.
ಇದು ನಮ್ಮೆಮ್ಮಿ ಕೋಡಿನ ಬುಡ.
ಇದು, ತಡೀರಿ, ನಿನ್ನೆ ಉಳಿದ ಚಹಾ.
"ನಿಮ್ಮ ಅಂಕಿ ಬ್ಯಾರೆ ಇರಬೋದು," ಅಂದಳು.
ಬೇರೆಯೇ ಇತ್ತು.

ನಮೂನೆಯ ಕಡೆಯ ಕಾಲಂ: ಉಪಯೋಗ.
ಒಂದು ಗೆರೆಯಷ್ಟು ಜಾಗ.
'ಮೇವು' ಎಂದು ಬರೆದು ಪೆನ್ನಿನ ಮುಚ್ಚಳ ಹಾಕಿದೆ.

ಮತ್ತೆ ಗುಂಡಿ ಮುಚ್ಚುವ ಹೊತ್ತು.
"ನೋಡ್ತಿರ್ರಿ. ಮಣ್ಣು ಉಳದ್ರ ಚಲೋ ನೆಲ,
ಸಾಲದಿದ್ರ ಹೊಟ್ಟಿಬಾಕ ನೆಲ."
ತುಂಬಿದರು, ತುಳಿದರು, ನಾನೂ ಬೂಟು ಬಿಚ್ಚಿ ತುಳಿದೆ.
ಉಳಿಯಿತು. ನಾಲ್ಕು ಪುಟ್ಟಿ.

ಎರಡು ಕತ್ತೆ ಹೊಡೆದುಕೊಂಡು ಮರ್ದಾನಸಾಬ
ಎಲ್ಲಿಂದ ಬಂದನೋ.
ಚಿಟಿಕೆ ನಾಲಗೆಗೆ ಹಚ್ಚಿ ಕಪ್ಪನ್ನು ಬಿಟ್ಟ,
ಸುಣ್ಣ ಬೆರೆತದ್ದು ಆರಿಸಿಕೊಂಡ, ಮೇಲ್ಮುದ್ದಿಗೆ.
"ಅದು ನೀರು ಕುಡೀತೈತಿ,
ಇದು ನೀರ ಜಾರಸ್ತೈತಿ."
ಎರಡು ಪುಟ್ಟಿ ಹೋಯಿತು.

ಒಂದು ಪುಟ್ಟಿ ಹುಲಿಗೆವ್ವನ ಗೋಡೆಗೆ:
ಸಗಣಿ, ಮೇಲಿಷ್ಟು ಕೊಚ್ಚಿದ ಹುಲ್ಲು,
ಬ್ಯಾರೆ ಹೊಲದ್ದಲ್ಲ, ಇಲ್ಲಿದ್ದೇ.
ಇದರ ಬಿರುಕಿಗೆ ಇದರದೇ ಹುಲ್ಲು.

ಗಾದಿಲಿಂಗ ಬಾಟಲಿಯ ನೀರು ಸುರಿದು ಕಲಸಿದ.
ಎತ್ತು ಮಾಡ್ತೀಯೇನೋ ಅಂದೆ.
"ಎತ್ತು ಎಲ್ರೂ ಮಾಡ್ತಾರ," ಅಂದವನು
ತೋಳ ಮಾಡಿದ, ಕಿವಿ ನಿಮಿರಿಸಿ,
ಗುಂಡಿಯಿದ್ದ ಜಾಗದ ಮೇಲೆ ಕೂರಿಸಿ
ಕುರಿಗಳನ್ನು ಕರೆದು ತೋರಿಸಿದ.
ಅವು ಮೂಸಿ, ಮೇಯಲು ಹೋದವು.

ಇನ್ನೂ ಒಂದು ಹಿಡಿ.
ಅಡಿಕೆಯಷ್ಟು ಹೆಂಟೆ ಆರಿಸಿ, ಊದಿ,
ಹುಲಿಗೆವ್ವ ಸೆರಗಿನ ತುದಿಗೆ ಗಂಟು ಹಾಕಿದಳು.
"ಸೊಸಿಗೆ. ಆರು ತಿಂಗಳು.
ದವಾಖಾನ್ಯಾಗ ತಿನಬ್ಯಾಡ ಅಂದಾರ,
ವಾಸನಿಗೆ ಇರಲಿ."

ಸಂಜೆಯ ಬಸ್ಸಿನಲ್ಲಿ ತೊಡೆಯ ಮೇಲೆ ಒಂದು ಕೆಜಿ ಚೀಲ.
ನಾಳೆ ರಾಯಚೂರಿನ ಲ್ಯಾಬಿನಲ್ಲಿ ಅದನ್ನು ಜರಡಿ ಹಿಡಿದು
ಬೇರು ಎಸೆದು, ಹರಳು ಎಸೆದು,
ಉಳಿದದ್ದನ್ನು ಮಣ್ಣು ಅನ್ನುತ್ತಾರೆ.

ಕುಷ್ಟಗಿಯ ಹತ್ತಿರ ನಮೂನೆ ತೆಗೆದೆ.
'ಮೇವು' ಪಕ್ಕ ಜಾಗ ಸ್ವಲ್ಪವಿತ್ತು.
'ವಾಸನೆ' ಎಂದು ಸೇರಿಸಿದೆ,
ಪೆನ್ಸಿಲ್ಲಿನಲ್ಲಿ,
ಸಾಹೇಬರಿಗೆ ಅಳಿಸಲು ಅನುಕೂಲವಾಗಲೆಂದು.